ಯಾವ ಹುಂಜ ಉಳಿಯಬೇಕು

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಕಡೆ ಎಲ್ಲರ ಕಣ್ಣೂ ಹಿತ್ತಿಲ ಹುಂಜದ ಮೇಲೆ. ಹಬ್ಬದ ಮಾರನೆಯ ದಿನ ಹೊಸತೊಡಕು. ಮಂಡ್ಯ, ಮಾಗಡಿ, ಕುಣಿಗಲ್ ಸೀಮೆಯಲ್ಲಿ ಅಂದು ಒಲೆ ಮೇಲೆ ಬಾಡಿನ ಸಾರು ಕುದಿಯದ ಮನೆ ಕಡಿಮೆ. ಮನೆಯ ಕೋಳಿಗಳಲ್ಲಿ ಮೊದಲು ಕೈಗೆ ಸಿಗುವುದು ಎತ್ತರಕ್ಕೆ ಬೆಳೆದ, ಕತ್ತಿನ ಗರಿ ಹೊಳೆಯುವ, ತೂಕದ ಹುಂಜ. ಪಕ್ಕದ ತೋಟದ ಅಜ್ಜಿ ಬೇಲಿ ಹತ್ತಿರ ನಿಂತು ಕೇಳುತ್ತಾರೆ: "ಇಂಥಾ ಹುಂಜವ ಮಡಿಕ್ಕಂಡು ಏನ್ಮಾಡೀಯಪ್ಪ, ಹೊಸತೊಡಕು ಬತ್ತಾದೆ." ಊರೆಲ್ಲ ಹೀಗೆಯೇ. ಒಳ್ಳೆಯದು ಸಾರಿಗೆ ಹೋಗುತ್ತದೆ, ಸೊರಗಿದ್ದು ಅಂಗಳದಲ್ಲಿ ಉಳಿಯುತ್ತದೆ. ಮುಂದಿನ ಮರಿಗಳಿಗೆಲ್ಲ ಆ ಸೊರಗಿದ್ದೇ ಅಪ್ಪ.

ನಾಟಿ ಕೋಳಿಯ ತಳಿಗೆ ನಾವು ಮಾಡುತ್ತಿರುವ ದೊಡ್ಡ ಅನ್ಯಾಯ ಇದು. ಹೇಂಟೆ ತಾನಿಟ್ಟ ಮೊಟ್ಟೆಗಳಿಗಷ್ಟೇ ತಾಯಿ. ಹುಂಜ ಅಂಗಳದ ಅಷ್ಟೂ ಮರಿಗಳಿಗೆ ಅಪ್ಪ. ಘಾಟಿ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳುವ ರೈತ ಹಲ್ಲು ಹಿಡಿದು ನೋಡುತ್ತಾನೆ, ಗೊರಸು ನೋಡುತ್ತಾನೆ, ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕುಣಿಗಲ್ಲಿನ ಕುದುರೆ ಫಾರಂನ ಬೇರು ಟಿಪ್ಪುವಿನ ಅಶ್ವದಳದವರೆಗೂ ಹೋಗುತ್ತದೆ. ಜೂಜಿನ ಕುದುರೆಗೆ ಅಪ್ಪ ಯಾರು, ಅಜ್ಜ ಯಾರು ಎಂಬುದಕ್ಕೆಲ್ಲ ದಾಖಲೆ ಇರುತ್ತದೆ. ಹುಂಜಕ್ಕೆ ಮಾತ್ರ ಇಷ್ಟು ನಿಗಾ ಯಾರೂ ಕೊಡುವುದಿಲ್ಲ. ಕರಾವಳಿಯಲ್ಲಿ ಹುಂಜದ ಬಣ್ಣ, ಗಳಿಗೆ ನೋಡಲು ಕುಕ್ಕುಟ ಪಂಚಾಂಗವೇ ಇದೆ ನಿಜ, ಆದರೆ ಆ ಕಣ್ಣು ಪಳಗಿದ್ದು ಕೋಳಿ ಅಂಕಕ್ಕೆ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದನ್ನು 1960ರ ಕಾಯ್ದೆ ಅಪರಾಧವೆಂದು ಹೇಳಿದೆ, ನನ್ನ ಮನಸ್ಸೂ ಅದೇ ಕಡೆ. ಕಾದಾಡುವ ಹುಂಜದ ಗುಣ ಬೇರೆ, ಅಂಗಳ ಕಾಯುವ ಹುಂಜದ ಗುಣ ಬೇರೆ.

ಆ ಗುಣ ನೋಡಬೇಕಾದರೆ ಬೆಳಿಗ್ಗೆ ತಿಪ್ಪೆ ಹತ್ತಿರ ಕೂರಬೇಕು. ಕೊಟ್ಟಿಗೆ ಗುಡಿಸಿ ಸಗಣಿ ಸುರಿದ ಕೂಡಲೇ ಕೋಳಿಗಳು ಕೆದಕಲು ಶುರು. ಒಳ್ಳೆಯ ಹುಂಜಕ್ಕೆ ಒಂದು ಗೊಬ್ಬರದ ಹುಳ ಸಿಕ್ಕಿತೆನ್ನಿ, ನುಂಗುವುದಿಲ್ಲ. ಕೊಕ್ಕಿನಲ್ಲಿ ಎತ್ತುತ್ತದೆ, ಬೀಳಿಸುತ್ತದೆ, ಮತ್ತೆ ಎತ್ತುತ್ತದೆ. ಗಂಟಲಲ್ಲೇ ಕುಕ್ಕುಕ್ಕುಕ್ ಎಂಬ ಅವಸರದ ದನಿ. ಹೇಂಟೆಗಳು ಓಡಿ ಬರುತ್ತವೆ, ಮೊದಲು ಬಂದದ್ದು ಹುಳವನ್ನು ಅದರ ಕೊಕ್ಕಿನ ಬುಡದಿಂದಲೇ ಕಿತ್ತುಕೊಂಡು ಹೋಗುತ್ತದೆ. ಹುಂಜ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಕೆದಕುತ್ತದೆ. ಏನೂ ಸಿಗದಿದ್ದರೂ ಇದೇ ದನಿ ತೆಗೆದು ಹೇಂಟೆಗಳನ್ನು ಕರೆಯುವ ಹುಂಜಗಳಿವೆ. ಬಂದ ಹೇಂಟೆಗೆ ಅಲ್ಲಿ ಕಾಳೂ ಇಲ್ಲ, ಹುಳವೂ ಇಲ್ಲ. ಕೋಳಿಗಳ ನಡವಳಿಕೆ ಅಧ್ಯಯನ ಮಾಡಿದವರೂ ಈ ಸುಳ್ಳು ಕರೆಯನ್ನು ದಾಖಲಿಸಿದ್ದಾರೆ. ಕೆಲವು ದಿನ ನೋಡಿದರೆ ಸಾಕು, ಯಾವ ಹುಂಜದ ಕರೆಗೆ ಹೇಂಟೆಗಳು ಓಡುತ್ತವೆ, ಯಾವುದಕ್ಕೆ ತಲೆಯನ್ನೂ ಎತ್ತುವುದಿಲ್ಲ ಎಂಬುದು ತಿಳಿಯುತ್ತದೆ. ಈ ವಿಷಯದಲ್ಲಿ ನಾನು ಹೇಂಟೆಗಳ ತೀರ್ಮಾನವನ್ನೇ ನಂಬುತ್ತೇನೆ.

ಎರಡನೆಯದು ಕಾವಲು. ಹುಂಜ ಆಗಾಗ ಮೇಯುವುದು ಬಿಟ್ಟು, ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ಆಕಾಶ ನೋಡುತ್ತದೆ. ಗಿಡುಗ ಕಂಡರೆ ಹೊರಡುವುದು ಉದ್ದನೆಯ, ತೆಳುವಾದ ಒಂದೇ ಕಿರುಚು. ಅದು ಕಿವಿಗೆ ಬಿದ್ದದ್ದೇ ತಡ ಹೇಂಟೆ, ಮರಿ ಎಲ್ಲ ಬೇಲಿಯ ಬುಡಕ್ಕೋ ಹಸುವಿನ ಹೊಟ್ಟೆಯಡಿಗೋ ಸೇರಿ ಅಲುಗದೆ ಕೂರುತ್ತವೆ. ನೆಲದ ಮೇಲೆ ಮುಂಗುಸಿಯೋ ಬೀದಿ ನಾಯಿಯೋ ಬಂದರೆ ಬೇರೆಯದೇ ಕೂಗು: ಕೊಕ್ ಕೊಕ್ ಕೊಕ್ ಕೊಕಾಕ್ ಎಂದು ನಿಲ್ಲದ ಗಲಾಟೆ. ಆಗ ಕೋಳಿಗಳು ಅಡಗುವುದಿಲ್ಲ, ಕತ್ತು ನೀಳ ಮಾಡಿ ಎತ್ತರದ ಜಾಗ ಹತ್ತುತ್ತವೆ. ನಮ್ಮ ಹಸುವೂ ಈ ಗಲಾಟೆಗೆ ಮೆಲುಕು ನಿಲ್ಲಿಸಿ ಕಿವಿ ನಿಮಿರಿಸುತ್ತದೆ, ನಾಯಿ ಎದ್ದು ಆ ದಿಕ್ಕಿಗೆ ಓಡುತ್ತದೆ. ಹಸುವಿಗೂ ಕೋಳಿಗೂ ಹಳೆಯ ಸಲುಗೆ. ಹಸು ಮಲಗಿದಾಗ ಕೋಳಿಗಳು ಅದರ ತೊಡೆಸಂದಿಯ ಉಣ್ಣೆ ಹೆಕ್ಕುತ್ತವೆ. ಹಸು ಕಣ್ಣು ಅರೆಮುಚ್ಚಿಕೊಂಡು ಬಿದ್ದಿರುತ್ತದೆ. ಮೊದಲ ಸಲ ಮೊಟ್ಟೆಗೆ ಬಂದ ಯಾಟೆಗೆ ಜಾಗ ತೋರಿಸುವುದೂ ಹುಂಜವೇ. ಗೋದಲಿಯ ಮೂಲೆಗೆ ಹೋಗಿ, ಹುಲ್ಲಿನ ಮೇಲೆ ಕೂತು ಸುತ್ತ ತಿರುಗಿ ಮೆಲ್ಲನೆ ಗುನುಗುತ್ತದೆ. ಯಾಟೆ ಅಲ್ಲಿಗೆ ಬಂದು ಇಣುಕುತ್ತದೆ.

ಮೂರನೆಯದನ್ನು ಹಾಸಿಗೆಯಲ್ಲೇ ಪರೀಕ್ಷಿಸಬಹುದು. ಬೆಳಕು ನೋಡಿ ಹುಂಜ ಕೂಗುತ್ತದೆ ಎಂದು ನಾವು ತಿಳಿದಿದ್ದೇವೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಶಿಮ್ಮುರ ಮತ್ತು ಯೋಶಿಮುರ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಂಜಗಳನ್ನು ಹಗಲು ರಾತ್ರಿಯ ಭೇದವಿಲ್ಲದ ಮಂದ ಬೆಳಕಿನಲ್ಲಿ ಇಟ್ಟರು. ಆಗಲೂ ಅವು ಹೆಚ್ಚುಕಡಿಮೆ ದಿನಕ್ಕೊಮ್ಮೆ ಹೊತ್ತಿಗೆ ಸರಿಯಾಗಿ ಕೂಗಿದವು. ಗಡಿಯಾರ ಅವುಗಳ ಒಡಲಲ್ಲೇ ಇದೆ. 2015ರಲ್ಲಿ ಅದೇ ತಂಡ ಇನ್ನೊಂದು ಸಂಗತಿ ಹೇಳಿತು: ಗುಂಪಿನಲ್ಲಿ ಮೊದಲು ಕೂಗುವುದು ಯಜಮಾನ ಹುಂಜ, ಉಳಿದವು ತಮ್ಮ ತಮ್ಮ ದರ್ಜೆಯಂತೆ ಅದರ ಹಿಂದೆ. ಅಂಗಳದಲ್ಲಿ ಎರಡು ಮೂರು ಹುಂಜಗಳಿರುವವರು ಬೆಳಗಿನ ಜಾವ ಕಿವಿಗೊಟ್ಟರೆ ಯಜಮಾನಿಕೆ ಯಾರದೆಂದು ಗೊತ್ತಾಗುತ್ತದೆ. ಯಜಮಾನಿಕೆಯೊಂದೇ ಸಾಲದು ಅನ್ನಿ. ಮಕ್ಕಳ ಮೇಲೆ ಎರಗುವ, ಹೇಂಟೆಗಳನ್ನು ಅಟ್ಟಾಡಿಸಿ ಬೆನ್ನಿನ ಗರಿ ಕೀಳುವ ಹುಂಜ ಎಷ್ಟು ಚೆಂದವಿದ್ದರೂ ಹೊಸತೊಡಕಿಗೆ ಹೋಗಲಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು.

ಮೈಕಟ್ಟಿನ ಮಾತು ಕಡಿಮೆ. ಜುಟ್ಟು ಕೆಂಪಗಿರಲಿ, ಕಣ್ಣು ಹೊಳೆಯಲಿ, ಎದೆಮೂಳೆ ನೇರವಾಗಿರಲಿ. ಕಾಲಿನ ಪೊರೆ ನುಣುಪಾಗಿರಬೇಕು. ಎದ್ದು ಬಿಳಿಚಿದ್ದರೆ ಒಳಗೆ ನುಸಿ ಸೇರಿದೆ ಎಂದರ್ಥ. ರೆಕ್ಕೆಯ ಬುಡ ಬಿಡಿಸಿ ಹೇನು ನೋಡಿ, ಎದೆಗೆ ಕಿವಿಯಿಟ್ಟು ಉಸಿರಿನ ಗೊರಗೊರ ಕೇಳಿ. ಬಣ್ಣ ನಿಮ್ಮ ಇಷ್ಟ.

ಇಷ್ಟೆಲ್ಲ ನೋಡಿ ಆರಿಸಿದ ಹುಂಜವನ್ನೂ ಒಂದೆರಡು ವರ್ಷಕ್ಕೆ ಬದಲಿಸಲೇಬೇಕು, ಇಲ್ಲವಾದರೆ ತನ್ನ ಹೆಣ್ಣುಮರಿಗಳಿಗೇ ಅದು ಗಂಡಾಗುತ್ತದೆ. ದೂರದ ಊರಿನ ನೆಂಟರ ಮನೆಯ ಹುಂಜದ ಜೊತೆ ಅದಲುಬದಲು ಮಾಡಿಕೊಳ್ಳುವುದು ನನಗೆ ಹಿಡಿಸಿದ ದಾರಿ, ಅದರ ತಾಯಿ ಎಂಥದ್ದೆಂದು ಅವರೇ ಹೇಳುತ್ತಾರೆ. ಸಂತೆಯಿಂದ ತರುವುದೇ ಆದರೆ ಎರಡು ವಾರ ಬೇರೆ ಕುಕ್ಕೆಯಲ್ಲಿ, ಬೇರೆ ನೀರಿನ ತಟ್ಟೆಯಲ್ಲಿ, ನಿಮ್ಮ ಕೋಳಿಗಳಿಂದ ದೂರ ಇಡಿ. ಕೊಕ್ಕರೆ ರೋಗ ಹೊರಗಿನ ಕೋಳಿಯೊಡನೆ ಒಳಗೆ ಬಂದರೆ ಹಸಿರು ಹಿಕ್ಕೆ, ತಿರುಚಿದ ಕತ್ತು ಕಾಣಿಸಿಕೊಳ್ಳುವ ಹೊತ್ತಿಗೆ ಅರ್ಧ ಅಂಗಳ ಖಾಲಿ. ಈ ರೋಗ ತಡೆಯಲು ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೆ ಲಸೋಟಾ ಲಸಿಕೆಯ ಹನಿ, ಎರಡು ತಿಂಗಳ ಹೊತ್ತಿಗೆ ಆರ್2ಬಿ ಚುಚ್ಚುಮದ್ದು ತಪ್ಪಿಸಬೇಡಿ; ಪಶುವೈದ್ಯರನ್ನು ಕೇಳಿದರೆ ದಿನ ಗೊತ್ತು ಮಾಡಿಕೊಡುತ್ತಾರೆ.

ಹೊಸ ಹುಂಜ ಬಿಟ್ಟ ಮರುದಿನವೇ ಕಾವಿಗೆ ಮೊಟ್ಟೆ ಕೂಡಿಡಬೇಡಿ. ಹಳೆಯ ಹುಂಜದ ಬೀಜ ಹೇಂಟೆಯ ಒಡಲಲ್ಲಿ ಎರಡು ಮೂರು ವಾರ ಉಳಿದಿರುತ್ತದೆ. ಅಷ್ಟು ದಿನದ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ನಾಲ್ಕನೆಯ ವಾರದಿಂದ ಕೂಡಿಡಿ. ಹತ್ತು ಹನ್ನೆರಡು ಸೇರಿದಾಗ ಕಾವಿಗೆ ಬಂದು ಮಂಕಾದ ಹೇಂಟೆಯೊಂದನ್ನು ನೋಡಿ, ಸಂಜೆ ಕತ್ತಲಾದ ಮೇಲೆ ಕಾವಿಗೆ ಕೂರಿಸಿ. ಅಲ್ಲಿಂದ 21 ದಿನ.