ಹೊಗೆ ಚಂದ, ಆದ್ರೆ ಯಾರಿಗೆ?

ಈ ಫೋಟೋವನ್ನು ನೀವೂ ಎಲ್ಲೋ ನೋಡಿರ್ತೀರಿ. ರಾತ್ರಿ ಹೊತ್ತು, ಒಂದು ಡ್ರೈವ್-ಇನ್ ಸಿನಿಮಾ. ಸಾಲಾಗಿ ನಿಂತ ಕಾರುಗಳು. ಮುಂದೆ ಕಾಣುವ ತೆರೆದ ಕಾರಿನಲ್ಲಿ ಒಂದು ಜೋಡಿ. ಪರದೆ ಮೇಲೆ ಜೆಟ್ ವಿಮಾನ. ಪರದೆಯ ಪಕ್ಕದಲ್ಲೇ ಬಿಳೀ ಹೊಗೆ ಬಿಡ್ತಾ ಓಡುವ ಉಗಿಬಂಡಿ. ಜಾಗ ಅಮೆರಿಕದ ವೆಸ್ಟ್ ವರ್ಜೀನಿಯಾದ ಸಣ್ಣ ಊರು, ಇಸವಿ 1956, ತೆಗೆದವರು ಓ. ವಿನ್‌ಸ್ಟನ್ ಲಿಂಕ್. ಫೋಟೋದ ಹೆಸರು ‘ಹಾಟ್‌ಶಾಟ್ ಈಸ್ಟ್‌ಬೌಂಡ್’. ಇದನ್ನು ಹಂಚಿಕೊಳ್ಳೋರು ಸಾಮಾನ್ಯವಾಗಿ ಜೊತೆಗೊಂದು ನಿಟ್ಟುಸಿರನ್ನೂ ಸೇರಿಸ್ತಾರೆ: ಆ ಕಾಲವೇ ಚೆನ್ನಾಗಿತ್ತು ಅಂತ.

ನನಗೆ ತಕರಾರು ಇರೋದು ಫೋಟೋ ಮೇಲಲ್ಲ, ಆ ನಿಟ್ಟುಸಿರಿನ ಮೇಲೆ.

ಲಿಂಕ್ ಓದಿದ್ದು ಸಿವಿಲ್ ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡ್ತಿದ್ದದ್ದು ಕಂಪನಿಗಳ ಜಾಹೀರಾತು ಫೋಟೋಗ್ರಫಿ. 1955ರ ಜನವರಿಯಲ್ಲಿ ಕೆಲಸದ ಮೇಲೆ ವರ್ಜೀನಿಯಾಕ್ಕೆ ಹೋದಾಗ ನಾರ್ಫೋಕ್ ಅಂಡ್ ವೆಸ್ಟರ್ನ್ ಕಂಪನಿಯ ಉಗಿಬಂಡಿಗಳನ್ನು ನೋಡಿದರು. ದೇಶದ ಬೇರೆ ದೊಡ್ಡ ರೈಲ್ವೆಗಳೆಲ್ಲ ಡೀಸೆಲ್ ಕಡೆ ಹೊರಳಿಯಾಗಿತ್ತು. ಈ ಕಂಪನಿ ಮಾತ್ರ ಉಗಿಗೇ ಅಂಟಿಕೊಂಡಿತ್ತು, ಅದಕ್ಕೆ ಕಾರಣವೂ ಇತ್ತು. ಅವರ ಮುಖ್ಯ ಸರಕೇ ಕಲ್ಲಿದ್ದಲು. ರೋನೋಕ್ ಊರಿನ ತಮ್ಮದೇ ಕಾರ್ಖಾನೆಯಲ್ಲಿ 1953ರವರೆಗೂ ಉಗಿ ಎಂಜಿನ್ ಕಟ್ತಿದ್ದರು. ಇವೂ ಹೆಚ್ಚು ದಿನ ಉಳಿಯಲ್ಲ ಅಂತ ಲಿಂಕ್‌ಗೆ ಗೊತ್ತಾಯ್ತು. 1960ರಲ್ಲಿ ಇಲ್ಲೂ ಉಗಿ ಆರುವವರೆಗೆ ಸ್ವಂತ ಖರ್ಚಿನಲ್ಲಿ ಮತ್ತೆ ಮತ್ತೆ ಹೋಗಿ ಎರಡು ಸಾವಿರಕ್ಕೂ ಹೆಚ್ಚು ಫೋಟೋ ತೆಗೆದರು.

ಹೆಸರಾದ ಚಿತ್ರಗಳೆಲ್ಲ ಹೆಚ್ಚಾಗಿ ರಾತ್ರಿಯವು. ಸೂರ್ಯನನ್ನು ಬೇಕಾದ ಕಡೆ ನಿಲ್ಲಿಸೋಕಾಗಲ್ಲ, ಫ್ಲಾಶ್ ಬಲ್ಬನ್ನು ನಿಲ್ಲಿಸಬಹುದು. ಡ್ರೈವ್-ಇನ್ ಚಿತ್ರಕ್ಕೆ ನಲವತ್ತಕ್ಕೂ ಹೆಚ್ಚು ಬಲ್ಬು ಬಳಸಿದ್ದಾರೆ. ಒಂದು ಬಲ್ಬು ಒಂದೇ ಸಲ ಉರಿಯುತ್ತೆ. ಎಲ್ಲಕ್ಕೂ ವೈರ್ ಎಳೆದು, ಎಂಜಿನ್ ಸರಿಯಾದ ಜಾಗಕ್ಕೆ ಬಂದ ಕ್ಷಣಕ್ಕೆ ಎಲ್ಲವನ್ನೂ ಒಟ್ಟಿಗೆ ಹೊತ್ತಿಸಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರೊಡಕ್ಷನ್‌ನಲ್ಲೇ ಟೆಸ್ಟಿಂಗು, ಅದೂ ಒಂದೇ ಚಾನ್ಸು.

ಅಷ್ಟು ಬೆಳಕು ಬಿದ್ದಾಗ ಸಿನಿಮಾ ಪರದೆ ಬೆಳ್ಳಗಾಗಿಬಿಡ್ತು. ಅದಕ್ಕೆ ವಿಮಾನವನ್ನು ಇನ್ನೊಂದು ನೆಗೆಟಿವ್‌ನಿಂದ ತಂದು ಕೂರಿಸಿದರು. ಜೋಡಿ ಕೂತ ಕಾರೂ ಲಿಂಕ್ ಅವರದ್ದೇ. ಅಂದ್ರೆ ಇದು ನಡೆದದ್ದನ್ನು ಹಾಗೇ ಹಿಡಿದ ದಾಖಲೆಯಲ್ಲ, ಕಟ್ಟಿ ನಿಲ್ಲಿಸಿದ ದೃಶ್ಯ. ಕೆಲವರಿಗೆ ಇದು ಮೋಸ ಅನ್ನಿಸುತ್ತೆ. ನನಗೆ ಚಿತ್ರದ ಜೀವ ಇರೋದೇ ಇದರಲ್ಲಿ ಅನ್ನಿಸುತ್ತೆ. ಗಮನಿಸಿ ನೋಡಿ: ಕಾರಲ್ಲಿ ಕೂತವರು ನೋಡ್ತಿರೋದು ವಿಮಾನವನ್ನು, ರೈಲಿನ ಕಡೆ ಒಬ್ಬರೂ ತಿರುಗಿಲ್ಲ. ಒಂದು ಯಂತ್ರದ ಕೊನೆಗಾಲ ಅಂದ್ರೆ ಇದೇ ತಾನೆ? ಪಕ್ಕದಲ್ಲೇ ಅಬ್ಬರಿಸ್ಕೊಂಡು ಹೋಗ್ತಿದೆ, ಜನಕ್ಕೆ ಅದು ದಿನಾ ಕೇಳುವ ಸದ್ದು. ಹಳೇ ಕಾಲದವರಿಗೆ ಹಳೇ ಕಾಲದ ಮೇಲೆ ಮೋಹವೇನೂ ಇರಲಿಲ್ಲ ಅನ್ನೋದನ್ನು ಈ ಚಿತ್ರ ಬಾಯಿಬಿಟ್ಟು ಹೇಳ್ತಿದೆ. ನಾವು ಅದನ್ನೇ ಇಟ್ಕೊಂಡು ಹಲುಬ್ತೀವಿ.

ಲಿಂಕ್ ಚಿತ್ರಗಳಲ್ಲಿ ಕಾರ್ಮಿಕರಿದ್ದಾರೆ. ಎಂಜಿನ್ ತೊಳೆಯೋರು, ಎಣ್ಣೆ ಬಿಡೋರು. ಆದರೆ ಸ್ಟುಡಿಯೋ ಬೆಳಕಿನಲ್ಲಿ ಎಲ್ಲರೂ ಹೀರೋಗಳ ಹಾಗೆ ಕಾಣ್ತಾರೆ. ಬೂದಿ ತೆಗೆಯೋದು, ಬಾಯ್ಲರ್ ತೊಳೆಯೋದು, ಕುಲುಮೆಯ ಬಿಸಿ, ಮೈಗಂಟಿದ ಮಸಿ, ಇವೆಲ್ಲ ಆ ಹೊಳಪಿನಲ್ಲಿ ಕರಗಿಹೋಗುತ್ತೆ. ಹೊರಗಿನ ಲೋಕವೂ ಅಷ್ಟೆ. ಅದು ವರ್ಜೀನಿಯಾದಲ್ಲಿ ಬಿಳಿಯರಿಗೂ ಕರಿಯರಿಗೂ ಕಾಯುವ ಕೋಣೆಗಳು ಬೇರೆ ಬೇರೆ ಇದ್ದ ಕಾಲ. ಅಂತರರಾಜ್ಯ ಪ್ರಯಾಣಿಕರಿಗೆ ರೈಲು, ನಿಲ್ದಾಣಗಳಲ್ಲಿ ಈ ಭೇದ ನಿಲ್ಲಿಸಿ ಅಂತ ಕೇಂದ್ರದ ಆಯೋಗ ಆದೇಶ ಕೊಟ್ಟಿದ್ದೇ 1955ರ ನವೆಂಬರಿನಲ್ಲಿ. ‘ಆ ಕಾಲ’ ಚೆನ್ನಾಗಿತ್ತು ಅನ್ನುವಾಗ ಯಾವ ಕೋಣೆಯಲ್ಲಿ ಕೂತವರಿಗೆ ಅಂತ ಕೇಳಲೇಬೇಕು.

ನಾನು ಬೆಳೆದಿದ್ದು ಹಳ್ಳಿಯಲ್ಲಿ. ಹೋಮ್‌ಸ್ಟೇಗೆ ಹೋದ ಗೆಳೆಯರು ಸೌದೆ ಒಲೆ ಮುಂದೆ ನಿಂತು ಫೋಟೋ ತೆಗೆಸ್ಕೊಂಡು ಕಳಿಸ್ತಾರೆ. ಆ ಒಲೆ ಮುಂದೆ ಊದುಗೊಳವೆ ಹಿಡಿದು ಕಣ್ಣುಜ್ಜಿಕೊಳ್ತಾ ಕೂತಿರ್ತಿದ್ದ ನಮ್ಮಮ್ಮ, ಮನೆಗೆ ಗ್ಯಾಸ್ ಬಂದ ದಿನ ಒಲೆಗೋಸ್ಕರ ಏನೂ ಅಳಲಿಲ್ಲ. ಹೊಗೆ ಚಂದ ಕಾಣೋದು ದೂರದಿಂದ.

ಹಾಗಂತ ಹೋದದ್ದೆಲ್ಲ ಹೋಗಲಿ ಅಂತ ನಾನು ಹೇಳ್ತಿಲ್ಲ. ಉಗಿಬಂಡಿ ಮತ್ತು ಟ್ರಾಮನ್ನು ಒಂದೇ ಬುಟ್ಟಿಗೆ ಹಾಕೋದು ಈ ಹಳಹಳಿಕೆ ಮಾಡುವ ದೊಡ್ಡ ತಪ್ಪು.

1988ರಲ್ಲಿ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಸಿನಿಮಾ ಬಂತಲ್ಲ, ಅದರ ಕಥೆ ನಡೆಯೋದು 1947ರ ಲಾಸ್ ಏಂಜಲಿಸ್‌ನಲ್ಲಿ. ಖಳನಾಯಕ ಊರಿನ ಕೆಂಪು ಟ್ರಾಮ್ ಕಂಪನಿಯನ್ನು ಕೊಂಡು ಮುಚ್ಚಿ, ಫ್ರೀವೇಗೆ ದಾರಿ ಮಾಡೋಕೆ ಹೊಂಚು ಹಾಕ್ತಾನೆ. ಸಿನಿಮಾ ಮಜವಾಗಿದೆ, ಎರಡು ಮಾತಿಲ್ಲ. ಆದರೆ ಟ್ರಾಮ್ ಸತ್ತದ್ದು ಒಬ್ಬ ದುಷ್ಟನಿಂದ ಅನ್ನೋ ಕಥೆ ನಮಗೆ ತುಂಬಾ ಅನುಕೂಲದ್ದು. ಅದರಲ್ಲಿ ಅರ್ಧ ನಿಜ ಇದೆ. ಜನರಲ್ ಮೋಟಾರ್ಸ್, ಫೈರ್‌ಸ್ಟೋನ್ ಥರದ ಕಂಪನಿಗಳ ದುಡ್ಡಿದ್ದ ನ್ಯಾಷನಲ್ ಸಿಟಿ ಲೈನ್ಸ್ ಹಲವು ಊರುಗಳ ಟ್ರಾಮ್ ಕಂಪನಿಗಳನ್ನು ಕೊಂಡಿತ್ತು. ಬಸ್ಸು ಮತ್ತು ಬಿಡಿಭಾಗಗಳ ಮಾರಾಟವನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳೋ ಸಂಚಿಗೆ 1949ರಲ್ಲಿ ಇವರಿಗೆ ಶಿಕ್ಷೆಯೂ ಆಯ್ತು. ದಂಡ ಎಷ್ಟು? ಕಂಪನಿಗೆ 5,000 ಡಾಲರ್!

ಆದರೆ ಅವರು ಲಾಸ್ ಏಂಜಲಿಸ್‌ನಲ್ಲಿ ಕೊಂಡಿದ್ದು ಹಳದಿ ಟ್ರಾಮುಗಳನ್ನು. ಸಿನಿಮಾದ ಕೆಂಪು ಟ್ರಾಮುಗಳು ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿಯವು. ಆ ಜಾಲ ಬೆಳೆದದ್ದೇ ಹೆನ್ರಿ ಹಂಟಿಂಗ್‌ಟನ್ ಅನ್ನೋ ಶ್ರೀಮಂತನ ಸೈಟು ವ್ಯಾಪಾರದ ಜೊತೆಗೆ. ಹಳಿ ಹಾಕು, ಪಕ್ಕದ ಜಾಗ ಮಾರು. ಈ ಬಿಸಿನೆಸ್ಸು ಬೆಂಗಳೂರಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಸೈಟು ಮಾರಿದ್ದಾಯ್ತು, ಕೊಂಡವರು ಕಾರೂ ಕೊಂಡರು, ಆ ಕಾರುಗಳ ಟ್ರಾಫಿಕ್ಕಿನಲ್ಲೇ ಟ್ರಾಮೂ ಸಿಕ್ಕಿಕೊಳ್ತು. ರಸ್ತೆ ಸರ್ಕಾರದ ದುಡ್ಡಲ್ಲಿ ಬಂತು, ಹಳಿಯ ಖರ್ಚು ಕಂಪನಿ ತಲೆ ಮೇಲೇ ಉಳೀತು. 1961ರಲ್ಲಿ ಲಾಂಗ್ ಬೀಚ್‌ಗೆ ಹೋಗುವ ಕೊನೆಯ ಕೆಂಪು ಟ್ರಾಮೂ ನಿಂತಿತು. ಖಳನಾಯಕ ಇದ್ದ, ನಿಜ. ಆದ್ರೆ ಕಾರಿನಲ್ಲಿ ಕೂತಿದ್ದವರು ನಮ್ಮಂಥವರೇ.

ಈಗ ವ್ಯತ್ಯಾಸ ನೋಡಿ. ಉಗಿ ಎಂಜಿನ್ ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವ ಯಂತ್ರದ ಮುಂದೆ ಸೋತಿತು. ಇವತ್ತು ಅದು ಓಡೋದು ಮ್ಯೂಸಿಯಂನವರ ಪ್ರೀತಿಯಿಂದ. ಟ್ರಾಮ್ ಹೋದಾಗ ಕೆಲಸವೇ ನಿಂತುಹೋಯ್ತು: ಕಾರಿಲ್ಲದವನೂ ಊರಿನ ಆ ತುದಿಗೆ ತಲುಪುವ ಸೌಕರ್ಯ. ಅದಕ್ಕೇ ಲಾಸ್ ಏಂಜಲಿಸ್ 1990ರಲ್ಲಿ ಲಾಂಗ್ ಬೀಚ್‌ಗೆ ಮತ್ತೆ ರೈಲು ಬಿಟ್ಟಿತು, ಹೆಚ್ಚುಕಮ್ಮಿ ಅದೇ ಹಳೇ ದಾರಿಯಲ್ಲಿ. ಹಳೆಯದು ಚಂದ ಅಂತಲ್ಲ, ಬೇಕಾಗಿತ್ತು ಅಂತ.

ದಿನಾ ಯಾವುದೋ ಹಳೇ ಸಿಸ್ಟಮ್ಮಿನ ಸ್ವಿಚ್ ಆಫ್ ಮಾಡೋ ಕೆಲಸ ನಮ್ಮದು. ಹಾಗಾಗಿ ಈ ವ್ಯತ್ಯಾಸ ನಮಗೆ ಬರೀ ರಸಿಕತೆಯ ವಿಷಯ ಅಲ್ಲ. ಒಂದು ವಸ್ತು ಮರೆಯಾಗುವಾಗ ಕೇಳಬೇಕಾದ್ದು ಎರಡೇ: ಅದು ಮಾಡ್ತಿದ್ದ ಕೆಲಸವನ್ನು ಈಗ ಯಾರು ಮಾಡ್ತಾರೆ, ಯಾರಿಗೆ ಮಾಡೋದಿಲ್ಲ? ಅದನ್ನು ನಡೆಸ್ತಿದ್ದ ಮನುಷ್ಯ ಎಲ್ಲಿಗೆ ಹೋದ? ಡೀಸೆಲ್ ಬಂದ ಮೇಲೆ ಬೆಂಕಿಗೆ ಕಲ್ಲಿದ್ದಲು ಉಣಿಸುವವನ ಕೆಲಸ ಬೇಕಾಗಲಿಲ್ಲ. ಆ ಹುದ್ದೆ ಉಳೀಬೇಕೋ ಬೇಡವೋ ಅಂತ ಅಮೆರಿಕದಲ್ಲಿ ವರ್ಷಗಟ್ಟಲೆ ಜಗಳ ನಡೀತು. ಆ ಜಗಳದ ಫೋಟೋವನ್ನು ಯಾರೂ ಗೋಡೆಗೆ ಹಾಕ್ಕೊಂಡಿಲ್ಲ.

ಲಿಂಕ್ ಅವರ ‘ಸ್ಟೀಮ್, ಸ್ಟೀಲ್ ಅಂಡ್ ಸ್ಟಾರ್ಸ್’ ಪುಸ್ತಕ ಸಿಕ್ಕರೆ ಬಿಡಬೇಡಿ. ಪುಟ ತಿರುಗಿಸುವಾಗ ಹೊಗೆಯನ್ನು ನೋಡಿ, ಖಂಡಿತ. ಆದರೆ ಅದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕೈಯಲ್ಲಿ ಎಣ್ಣೆಬುಡ್ಡಿ ಹಿಡಿದು ನಿಂತವನ ಮುಖವನ್ನೂ ನೋಡಿ.