ಎರಡಂಗುಲದ ಹಲ್ಲು, ಏಳದ ಸಿಟ್ಟು

1983ರ ಏಪ್ರಿಲ್‌ನಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯಕ್ಕೆ ನುಗ್ಗಿ, ಗಾಜು ಒಡೆದು, ಎರಡು ಹಾವುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಸಿಟಿ ಬಸ್ಸು ಹತ್ತಿದ. ಎರಡೂ ಗಬೂನ್ ಮಂಡಲಗಳು. ಎತ್ತಿಕೊಳ್ಳುವಾಗ ಅವು ಕಚ್ಚಲಿಲ್ಲ, ಚೀಲಕ್ಕೆ ಇಳಿಸುವಾಗ ಕಚ್ಚಲಿಲ್ಲ, ಬಸ್ಸಿನ ಕುಲುಕಾಟಕ್ಕೂ ಕಚ್ಚಲಿಲ್ಲ. ಇಳಿಯುವ ಹೊತ್ತಿಗೆ ಹುಡುಗ ಚೀಲವನ್ನು ಬೀಸಿ ಹೆಗಲಿಗೆ ಹಾಕಿಕೊಂಡ. ಪ್ಲಾಸ್ಟಿಕ್ಕನ್ನು ತೂರಿಕೊಂಡು ಬಂದ ಹಲ್ಲು ಹೆಗಲಿಗೆ ನಾಟಿತು. ಪ್ರತಿವಿಷ ಸಿಕ್ಕಿದ್ದರಿಂದ ಬದುಕಿಕೊಂಡ.

ಹಾವಿನ ಗೀಳು ಹತ್ತಿದವರು ಈ ಪ್ರಸಂಗವನ್ನು ಹುಡುಗನ ಹುಚ್ಚಾಟ ಎಂದು ಹೇಳಿ ನಗುವುದುಂಟು. ನನಗೆ ಇದರಲ್ಲಿ ಕುತೂಹಲ ಹುಟ್ಟಿಸುವುದು ಹಾವು. ಜಗತ್ತಿನ ಯಾವ ವಿಷಸರ್ಪಕ್ಕೂ ಇಲ್ಲದಷ್ಟು ಉದ್ದದ ಹಲ್ಲು, ಒಂದೇ ಕಚ್ಚಿಗೆ ಮಿಕ್ಕ ಹಾವುಗಳನ್ನು ಹಿಂದೆ ಹಾಕುವಷ್ಟು ವಿಷ. ಇಷ್ಟೆಲ್ಲ ಇಟ್ಟುಕೊಂಡೂ ಅದು ಅಷ್ಟು ಹೊತ್ತು ಸುಮ್ಮನಿತ್ತಲ್ಲ!

ಈ ಸುಮ್ಮನಿರುವಿಕೆಯನ್ನು ಅಯೊನೈಡಿಸ್‌ನಷ್ಟು ಹತ್ತಿರದಿಂದ ಕಂಡವರು ಕಡಿಮೆ. ಬ್ರಿಟಿಷ್ ಸೇನೆ ಬಿಟ್ಟು, ಆನೆದಂತದ ಕಳ್ಳಬೇಟೆ ಆಡಿ, ಆಮೇಲೆ ಟ್ಯಾಂಗನಿಕದಲ್ಲಿ ವನ್ಯಜೀವಿಗಳ ಕಾವಲಿಗೇ ನಿಂತ ವಿಚಿತ್ರ ಮನುಷ್ಯ ಆತ. ಇಂದಿನ ಟಾಂಜಾನಿಯಾದ ಕಾಡಂಚಿನ ಊರುಗಳಲ್ಲಿ ಸಾವಿರಾರು ಹಾವು ಹಿಡಿದು ಮೃಗಾಲಯಗಳಿಗೆ, ಪ್ರಯೋಗಾಲಯಗಳಿಗೆ ಕಳಿಸಿದವ. 1968ರಲ್ಲಿ ತೀರಿಕೊಂಡ. ಗಬೂನ್ ಮಂಡಲವನ್ನು ಹಿಡಿಯುವಾಗ ಅವನ ಕ್ರಮ ಹೀಗಿತ್ತು. ಮೊದಲು ಇಕ್ಕಳದ ತುದಿಯಿಂದ ತಲೆಯನ್ನು ಮೆಲ್ಲಗೆ ಮುಟ್ಟಿ ನೋಡುವುದು. ಸಿಟ್ಟಿನ ಸುಳಿವು ಕಾಣದಿದ್ದರೆ ಒಂದು ಕೈಯಿಂದ ಕತ್ತು ಹಿಡಿದು, ಇನ್ನೊಂದು ಕೈಯನ್ನು ಮೈಗೆ ಆಸರೆಯಾಗಿಟ್ಟು ಪೆಟ್ಟಿಗೆಗೆ ಇಳಿಸುವುದು. ಸಾಮಾನ್ಯವಾಗಿ ಸಿಟ್ಟು ಕಾಣುತ್ತಲೇ ಇರಲಿಲ್ಲವಂತೆ, ಹಾವು ಕೊಸರಾಡುತ್ತಲೂ ಇರಲಿಲ್ಲವಂತೆ. ನಮ್ಮ ಕೊಳಕುಮಂಡಲದ ಮುಂದೆ ಈ ಆಟ ಆಡಿ ನೋಡಲಿ! ಕೊಳಕುಮಂಡಲ ಎರಡು ಮಾರು ದೂರದಿಂದಲೇ ಬುಸುಗುಡಲು ಶುರುಮಾಡುತ್ತದೆ, ಮುಟ್ಟಿದರೆ ಮೈಯನ್ನೇ ನೆಲದಿಂದ ಎತ್ತಿ ಹಾರುತ್ತದೆ.

ಗಬೂನ್ ಮಂಡಲಕ್ಕೂ ಬುಸುಗುಡಲು ಬರುತ್ತದೆ. ಕೆಣಕಿದರೆ ತಲೆಯನ್ನು ಅಗಲಿಸಿ, ಒಂದೊಂದು ಉಸಿರಿಗೂ ಗಟ್ಟಿಯಾಗಿ ಸದ್ದು ಹೊರಡಿಸುತ್ತದೆ. ಆದರೆ ಅಲ್ಲಿಯವರೆಗೆ ಕೆಣಕಬೇಕು. ಹಗಲಿಡೀ ತರಗೆಲೆಯ ನಡುವೆ ಬಿದ್ದುಕೊಂಡಿರುವುದು, ಕತ್ತಲಾದ ಮೇಲೆ ಬೇಕಿದ್ದರೆ ಸ್ವಲ್ಪ ಸರಿಯುವುದು, ಇದು ಅದರ ದಿನಚರಿ. ಸರಿಯುವಾಗಲೂ ಮೈ ಬಳುಕಿಸುವುದಿಲ್ಲ. ಹೊಟ್ಟೆಯ ಹುರುಪೆಗಳನ್ನು ನೆಲಕ್ಕೆ ಊರಿ ನೇರವಾಗಿ ತೆವಳುತ್ತದೆ.

ತಲೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತ್ರಿಕೋನಾಕಾರ, ಮೈಯ ಲೆಕ್ಕದಲ್ಲಿ ಅತಿ ಎನ್ನಿಸುವಷ್ಟು ಅಗಲ, ಬಣ್ಣ ಒಣಗಿ ಮಾಸಿದ ಎಲೆಯದು. ನಡುವೆ ಮೂತಿಯಿಂದ ಕತ್ತಿನವರೆಗೆ ಕಪ್ಪಾದ ಸಣ್ಣ ಗೆರೆ, ಎಲೆಯ ನಡುನರ ಹೇಗಿರುತ್ತದೋ ಹಾಗೆ. ಕಣ್ಣಿನಿಂದ ಬಾಯಿಯ ಅಂಚಿಗೆ ಇಳಿದ ಕಂದು ತ್ರಿಕೋನ ಕಣ್ಣನ್ನೇ ಮರೆಮಾಡುತ್ತದೆ. ಮೂಗಿನ ಹೊಳ್ಳೆಗಳ ನಡುವೆ ಒಂದು ಜೊತೆ ಪುಟ್ಟ ಕೊಂಬು. ಮೈಮೇಲೆ ನೇರಳೆ, ಕಂದು, ಹಳದಿ, ಕಪ್ಪು ಬಣ್ಣಗಳ ಚೌಕುಳಿ. ಬಿಳಿ ಹಾಳೆಯ ಮೇಲೆ ಅದರ ಚಿತ್ರ ನೋಡಿದರೆ ಇಷ್ಟು ಬಣ್ಣದ ಹಾವು ಎಲ್ಲಿ ಅಡಗೀತು ಎನ್ನಿಸುತ್ತದೆ. ತರಗೆಲೆಯ ಮೇಲಿಟ್ಟು ನೋಡಿದರೆ ಚೌಕುಳಿಗಳು ಒಡೆದು ಹಾವಿನ ಆಕಾರವೇ ಕರಗುತ್ತದೆ.

ಇದರಲ್ಲಿ ಕಪ್ಪಿನ ಪಾಲು ದೊಡ್ಡದು. ಘಾನಾ, ಸಿಯೆರಾ ಲಿಯೋನ್ ಕಡೆಯ ಪಶ್ಚಿಮ ಆಫ್ರಿಕಾದ ಗಬೂನ್ ಮಂಡಲವನ್ನು 1999ರಿಂದೀಚೆಗೆ ಬೇರೆ ಪ್ರಭೇದವೆಂದು ಎಣಿಸುತ್ತಾರೆ. ಅದರ ಮೂಗಿನ ಕೊಂಬು ಇನ್ನೂ ಎದ್ದು ಕಾಣುವಂಥದ್ದು. ಜರ್ಮನಿಯ ಸಂಶೋಧಕರು 2013ರಲ್ಲಿ ಅದರ ಕಪ್ಪು ಹುರುಪೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಹುರುಪೆಯ ಮೇಲೆ ಎಲೆಯಂಥ ಸೂಕ್ಷ್ಮ ಏಣುಗಳು, ಅವುಗಳ ಮೇಲೆ ಇನ್ನೂ ಸಣ್ಣ ಗೀರುಗಳು. ಬಿದ್ದ ಬೆಳಕು ಆ ಸಂದುಗಳಲ್ಲೇ ಸಿಕ್ಕಿಬೀಳುತ್ತದೆ. ಹೀಗಾಗಿ ಆ ಕಪ್ಪು ಯಾವ ಕೋನದಿಂದ ನೋಡಿದರೂ ಹೊಳೆಯುವುದಿಲ್ಲ. ಪಕ್ಕದ ತಿಳಿಬಣ್ಣ ಎಲೆಯಂತೆ ತೋರಿದರೆ ಈ ಕಪ್ಪು ಎಲೆಗಳ ನಡುವಿನ ನೆರಳಾಗುತ್ತದೆ.

ಇನ್ನು ಹಲ್ಲು. ಐದು ಸೆಂಟಿಮೀಟರ್, ಅಂದರೆ ಎರಡಂಗುಲ. ಕೊಳಕುಮಂಡಲದ್ದು ಒಂದೂವರೆ ಸೆಂಟಿಮೀಟರಿನ ಆಸುಪಾಸು, ನಾಗರಹಾವಿನದು ಅದಕ್ಕೂ ಗಿಡ್ಡ. ಇಷ್ಟುದ್ದದ ಹಲ್ಲನ್ನು ನೆಟ್ಟಗೆ ನಿಲ್ಲಿಸಿಕೊಂಡು ಯಾವ ಹಾವೂ ಬಾಯಿ ಮುಚ್ಚಲಾರದು. ಆದ್ದರಿಂದ ಮಂಡಲಗಳಲ್ಲೆಲ್ಲ ಇರುವ ವ್ಯವಸ್ಥೆಯೇ ಇಲ್ಲೂ ಇದೆ. ಹಲ್ಲು ಕೂತಿರುವ ಮೇಲ್ದವಡೆಯ ಮೂಳೆ ತಿರುಗುತ್ತದೆ. ಬಾಯಿ ಮುಚ್ಚಿದಾಗ ಹಲ್ಲು ಮಡಚುವ ಚೂರಿಯಂತೆ ಅಂಗುಳಿಗೆ ಒರಗಿಕೊಳ್ಳುತ್ತದೆ, ಎರಗುವಾಗ ಮುಂದಕ್ಕೆ ಚಾಚಿ ನಿಲ್ಲುತ್ತದೆ. ಮೈಭಾರದಲ್ಲೂ ಆಫ್ರಿಕಾದ ಮಂಡಲಗಳಲ್ಲಿ ಇದರದ್ದೇ ಮೇಲುಗೈ. ಸಾಮಾನ್ಯವಾಗಿ ನಾಲ್ಕು ಅಡಿಯ ಆಚೀಚೆ ಇರುವ ಹಾವು ತೋಳಿಗಿಂತ ದಪ್ಪ.

ಇಷ್ಟು ಸೋಮಾರಿ ಪ್ರಾಣಿ ಎರಗುವುದು ಮಾತ್ರ ಕಣ್ಣಿಗೆ ಸಿಗದ ವೇಗದಲ್ಲಿ. ಎರಗಿದ ಮೇಲೆ ಅದು ಮಾಡುವುದು ಇನ್ನೂ ವಿಶೇಷ. ಬಹುಪಾಲು ಮಂಡಲಗಳು ಇಲಿಯನ್ನು ಕಚ್ಚಿ ತಕ್ಷಣ ಬಿಟ್ಟುಬಿಡುತ್ತವೆ. ಹಿಡಿದುಕೊಂಡರೆ ಇಲಿ ತಿರುಗಿ ಕಚ್ಚೀತು, ಕಣ್ಣು ಕಿತ್ತೀತು ಎಂಬ ಎಚ್ಚರ. ಆಮೇಲೆ ನಾಲಗೆ ಚಾಚಿ ವಾಸನೆ ಹಿಡಿದು, ಸತ್ತು ಬಿದ್ದಲ್ಲಿಗೆ ಹೋಗುತ್ತವೆ. ಗಬೂನ್ ಮಂಡಲ ಬಿಡುವುದಿಲ್ಲ. ಹಲ್ಲನ್ನು ಪೂರ್ತಿ ಇಳಿಸಿ ಬೇಟೆಯನ್ನು ಕಚ್ಚಿ ಹಿಡಿದೇ ಇರುತ್ತದೆ, ಪ್ರಾಣ ಹೋಗುವವರೆಗೂ. ಬೇಟೆ ಎಂದರೆ ಇಲಿ, ಮೊಲ, ನೆಲದಲ್ಲಿ ಓಡಾಡುವ ಹಕ್ಕಿ. ಕೆಲವೊಮ್ಮೆ ಮೊಲದಷ್ಟೇ ಎತ್ತರದ ಕಿರು ಜಿಂಕೆಯೂ. ಅಷ್ಟುದ್ದದ ಹಲ್ಲು ಬೇಟೆಯ ಒಡಲಿನ ಆಳಕ್ಕೇ ವಿಷ ಸುರಿಯುವುದರಿಂದ ಇಲಿಗೆ ತಿರುಗಿ ಕಚ್ಚಲು ವ್ಯವಧಾನವೇ ಇರುವುದಿಲ್ಲ. ಈ ಹಾವಿಗೆ ಕಾಯುವುದು ಗೊತ್ತು, ಬೆನ್ನಟ್ಟುವುದು ಗೊತ್ತಿಲ್ಲ. ಹಿಡಿದದ್ದನ್ನು ಬಿಟ್ಟು ಹುಡುಕುವ ರಗಳೆ ಅದಕ್ಕೆ ಒಗ್ಗದು ಎಂದೇ ನನ್ನ ಎಣಿಕೆ.

ವಿಷದ ಮಾತಿಗೆ ಬಂದರೆ, ತೂಕಕ್ಕೆ ತೂಕ ಇಟ್ಟು ನೋಡಿದಾಗ ಅದು ಅಂಥ ಘೋರವಲ್ಲ. ಹನಿ ಹನಿಯ ಲೆಕ್ಕದಲ್ಲಿ ಹಲವು ನಾಗರಹಾವುಗಳದ್ದು ಇದಕ್ಕಿಂತ ತೀಕ್ಷ್ಣ. ಗೆಲ್ಲುವುದು ಪ್ರಮಾಣದಲ್ಲಿ. ಕೊಳಕುಮಂಡಲದಿಂದ ಒಂದು ಸಲಕ್ಕೆ ಸಿಗುವ ಒಣಗಿಸಿದ ವಿಷ ಸುಮಾರು 150ರಿಂದ 250 ಮಿಲಿಗ್ರಾಂ. ಗಬೂನ್ ಮಂಡಲದ್ದು 200ರಿಂದ 1000. ಈ ಹಾವಿನ ಬಗ್ಗೆ 1984ರಲ್ಲಿ ವಿಸ್ತಾರವಾಗಿ ಬರೆದ ಮಾರ್ಷ್ ಮತ್ತು ವೇಲರ್ ಅವರ ದಾಖಲೆಯಲ್ಲಿ ಅತಿ ಹೆಚ್ಚಿನದು 2400 ಮಿಲಿಗ್ರಾಂ. ಮನುಷ್ಯನನ್ನು ಕೊಲ್ಲಲು ಕೆಲವು ಹತ್ತುಗಳಷ್ಟು ಮಿಲಿಗ್ರಾಂ ಸಾಕೆಂಬ ಅಂದಾಜಿದೆ.

ಕಚ್ಚಿದ ಜಾಗ ನೋಡನೋಡುತ್ತಲೇ ಊದಿಕೊಳ್ಳುತ್ತದೆ. ತಡೆಯಲಾರದ ಉರಿ, ಆಮೇಲೆ ನೀರುಗುಳ್ಳೆ, ಮಾಂಸ ಕೊಳೆಯುವುದು. ವಿಷದಲ್ಲಿನ ಕಿಣ್ವಗಳು ರಕ್ತದ ಹೆಪ್ಪುಗಟ್ಟಿಸುವ ಸಾಮಗ್ರಿಯನ್ನೆಲ್ಲ ಖರ್ಚು ಮಾಡಿಬಿಡುವುದರಿಂದ ಮೂತ್ರದಲ್ಲಿ, ವಾಂತಿಯಲ್ಲಿ ರಕ್ತ ಬೀಳುತ್ತದೆ. ಇಷ್ಟು ನಮ್ಮ ಕೊಳಕುಮಂಡಲದ ಕಡಿತ ಕಂಡವರಿಗೂ ಗೊತ್ತಿರುವುದೇ. ಇದರ ಜೊತೆಗೆ ಗಬೂನ್ ಮಂಡಲದ ವಿಷ ಹೃದಯದ ಮೇಲೂ ಕೈಯಿಡುತ್ತದೆ. ರಕ್ತದೊತ್ತಡ ಒಮ್ಮೆಲೇ ಕುಸಿಯುತ್ತದೆ, ಉಸಿರು ಕಟ್ಟುತ್ತದೆ, ಪ್ರಜ್ಞೆ ತಪ್ಪುತ್ತದೆ. ಉಳಿದುಕೊಂಡವರಲ್ಲಿ ಬೆರಳನ್ನೋ ಕೈಯನ್ನೋ ಕಳೆದುಕೊಂಡವರಿದ್ದಾರೆ. ಅಮೆರಿಕದ ಟಿ.ವಿ.ಯಲ್ಲಿ ಕಾಡುಪ್ರಾಣಿಗಳ ಕಾರ್ಯಕ್ರಮ ನಡೆಸಿ ಮನೆಮಾತಾದ ಮಾರ್ಲಿನ್ ಪರ್ಕಿನ್ಸ್, ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಹಾವುಗಳ ಉಸ್ತುವಾರಿಯಲ್ಲಿದ್ದಾಗ, 1928ರಲ್ಲಿ ಇದರಿಂದ ಕಚ್ಚಿಸಿಕೊಂಡು ಸಾವಿನಂಚಿಗೆ ಹೋಗಿ ಬಂದವರು. ಆಮೇಲೆ 1986ರವರೆಗೂ ಬದುಕಿದರು.

ಮೃಗಾಲಯದ ಕಡಿತಗಳನ್ನೇ ಹೆಚ್ಚು ಹೇಳುತ್ತಿದ್ದೇನೆ ಅನ್ನಿಸಿದರೆ ಅದಕ್ಕೆ ಕಾರಣವಿದೆ. ಅದರ ಸ್ವಂತ ನಾಡಿನಲ್ಲಿ, ಕಾಂಗೋ, ಉಗಾಂಡ, ಟಾಂಜಾನಿಯಾದ ಮಳೆಕಾಡುಗಳಿಂದ ಹಿಡಿದು ದಕ್ಷಿಣ ಆಫ್ರಿಕಾದ ಸೇಂಟ್ ಲೂಷಿಯಾ ಕರಾವಳಿಯವರೆಗೆ, ಈ ಹಾವು ಮನುಷ್ಯರನ್ನು ಕಚ್ಚುವುದು ಅಪರೂಪ. ಜನರನ್ನು ಕೊಲ್ಲುವುದು ಇದರ ಹತ್ತಿರದ ಸಂಬಂಧಿ ಪಫ್ ಆಡರ್. ಹಲ್ಲು ಇದಕ್ಕಿಂತ ಗಿಡ್ಡ, ವಿಷವೂ ಕಡಿಮೆ. ಆದರೆ ಅದು ಹುಲ್ಲುಗಾವಲಿನ ಹಾವು. ಸಹರಾದ ದಕ್ಷಿಣಕ್ಕೆ ಹೆಚ್ಚುಕಡಿಮೆ ಎಲ್ಲೆಲ್ಲೂ ಇದೆ, ದನದ ದಾರಿಯಲ್ಲಿ, ಹೊಲದ ಬದುವಿನಲ್ಲಿ, ಗುಡಿಸಲಿನ ಹಿತ್ತಿಲಲ್ಲಿ. ಜನ ಬಂದ ಸದ್ದಿಗೆ ಮಿಕ್ಕ ಹಾವುಗಳು ಸರಿದುಹೋದರೆ ಪಫ್ ಆಡರ್ ತನ್ನ ಬಣ್ಣವನ್ನು ನಂಬಿ ಮಲಗಿಯೇ ಇರುತ್ತದೆ. ಬರಿಗಾಲು ಮೇಲೆ ಬೀಳುತ್ತದೆ. 2015ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಅಧ್ಯಯನವೊಂದರಲ್ಲಿ ತರಬೇತಾದ ನಾಯಿಗಳಿಗೂ ಪಫ್ ಆಡರ್‌ನ ವಾಸನೆ ಸಿಗಲಿಲ್ಲ. ನಾಯಿಯ ಮೂಗಿಗೇ ಸಿಗದ್ದು ರೈತನ ಕಣ್ಣಿಗೆ ಕಂಡೀತೆ? ‘ಜಗತ್ತಿನ ಹತ್ತು ಅಪಾಯಕಾರಿ ಹಾವುಗಳು’ ಎಂಬ ಪಟ್ಟಿಗಳಲ್ಲಿ ಗಬೂನ್ ಮಂಡಲವನ್ನು ಹಲ್ಲಿನ ಅಳತೆಯ ಮೇಲೆ ಸೇರಿಸುವವರನ್ನು ನಾನು ನಂಬುವುದಿಲ್ಲ. ಹಾವು ಎಲ್ಲಿ ಮಲಗುತ್ತದೆ, ಜನ ಎಲ್ಲಿ ನಡೆಯುತ್ತಾರೆ, ಆಸ್ಪತ್ರೆ ಎಷ್ಟು ದೂರ, ಅಪಾಯದ ಲೆಕ್ಕ ಇಷ್ಟೇ.

ಆಸ್ಪತ್ರೆ ಹತ್ತಿರವಿದ್ದರೂ ಮದ್ದು ಇರಬೇಕಲ್ಲ. ಆಫ್ರಿಕಾದ ಹತ್ತು ಬಗೆಯ ಹಾವುಗಳಿಗೆ ಆಗಿಬರುತ್ತಿದ್ದ ‘ಫಾವ್-ಆಫ್ರಿಕ್’ ಎಂಬ ಪ್ರತಿವಿಷದ ತಯಾರಿಕೆಯನ್ನು ಫ್ರಾನ್ಸಿನ ಕಂಪನಿ 2014ರಲ್ಲಿ ನಿಲ್ಲಿಸಿತು. ಕೊನೆಯ ಬಾಟಲಿಗಳ ಅವಧಿ 2016ರ ಜೂನ್‌ಗೆ ಮುಗಿಯಿತು. ದಕ್ಷಿಣ ಆಫ್ರಿಕಾದಲ್ಲಿ ತಯಾರಾಗುವ ಬಹುಸರ್ಪ ಪ್ರತಿವಿಷ ಗಬೂನ್ ಮಂಡಲಕ್ಕೂ ಆಗುತ್ತದೆ, ಆದರೆ ಅದಕ್ಕೂ ಆಗಾಗ ಕೊರತೆ. ಈ ಖಾಲಿ ಜಾಗಕ್ಕೆ ನುಗ್ಗಿದ ಅಗ್ಗದ ಮದ್ದುಗಳಲ್ಲಿ ಭಾರತದವೂ ಇದ್ದವು. ತಯಾರಿಕೆ ನಿಲ್ಲುವ ಮೊದಲೇ ಘಾನಾದಲ್ಲಿ ಹಳೆಯ ಮದ್ದನ್ನು ಬಿಟ್ಟು ಇಂಥದ್ದೊಂದನ್ನು ಬಳಸತೊಡಗಿದ ಮೇಲೆ ಹಾವು ಕಡಿದವರಲ್ಲಿ ಸಾಯುವವರ ಪ್ರಮಾಣ ಶೇ 1.8ರಿಂದ ಶೇ 12.1ಕ್ಕೆ ಏರಿತು. ಅಲ್ಲಿ ಕಡಿಯುತ್ತಿದ್ದದ್ದು ಗರಗಸಮಂಡಲ. ಹೆಸರು ಒಂದೇ ಆದರೂ ಅಲ್ಲಿನದು, ಇಲ್ಲಿನದು ಬೇರೆ ಪ್ರಭೇದ, ವಿಷವೂ ಬೇರೆ.

ನೈಜೀರಿಯಾ, ಕೆನ್ಯಾ, ಉಗಾಂಡ, ಟಾಂಜಾನಿಯಾಗಳಲ್ಲಿ ಕೆಲಸಕ್ಕಿರುವ ನಮ್ಮವರಿಗೆ ಒಂದು ಮಾತು. ಕತ್ತಲಾದ ಮೇಲೆ ಟಾರ್ಚು, ಕಾಲಿಗೆ ಬೂಟು. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಹೋಗಿ. ಯಾವ ಆಸ್ಪತ್ರೆಯಲ್ಲಿ ಆ ಸೀಮೆಯ ಹಾವುಗಳ ಪ್ರತಿವಿಷ ಇದೆ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಊರಿಗೆ ಬಂದಾಗ ಇಲ್ಲಿಂದ ಬಾಟಲಿ ಕೊಂಡೊಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ನಮ್ಮ ಪ್ರತಿವಿಷ ತಯಾರಾಗುವುದು ಇಲ್ಲಿನ ನಾಗರ, ಕಟ್ಟು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕು ಹಾವುಗಳ ವಿಷದಿಂದ. ಗಬೂನ್ ಮಂಡಲಕ್ಕಾಗಲಿ ಪಫ್ ಆಡರ್‌ಗಾಗಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.