ತುಂಟತನವೆಂಬ ದುಡಿಮೆ

ಗಂಡ ಹೆಂಡತಿ ಬೇರೆಯಾದಾಗ ಹೊಲ ಮನೆ ಪಾಲಾಗುವಂತೆ ಎರಿಶ್ ಕೆಸ್ಟ್ನರ್ ಬರೆದ ಕಥೆಯಲ್ಲಿ ಅವಳಿ ಹೆಣ್ಣುಮಕ್ಕಳು ಪಾಲಾಗಿದ್ದಾರೆ. ಲೂಯಿಸೆ ಅಪ್ಪನ ಜೊತೆ ವಿಯೆನ್ನಾದಲ್ಲಿ, ಲೋಟೆ ಅಮ್ಮನ ಜೊತೆ ಮ್ಯೂನಿಕ್‌ನಲ್ಲಿ. ತನಗೊಬ್ಬಳು ಒಡಹುಟ್ಟಿದವಳಿದ್ದಾಳೆ ಎಂಬುದು ಇಬ್ಬರಿಗೂ ಗೊತ್ತಿಲ್ಲ. ಒಂಬತ್ತರ ವಯಸ್ಸಿಗೆ, ಬೇಸಿಗೆ ರಜೆ ಕಳೆಯಲು ಹೋದ ಮಕ್ಕಳ ವಸತಿಗೃಹದಲ್ಲಿ ಇಬ್ಬರೂ ಮುಖಾಮುಖಿಯಾಗುತ್ತಾರೆ. ಮೊದಲು ಜಗಳ, ಆಮೇಲೆ ಗೆಳೆತನ, ಕೊನೆಗೆ ಗುಟ್ಟಿನ ಸಂಚು: ಗುಂಗುರು ಕೂದಲಿನ ಲೂಯಿಸೆ ಜಡೆ ಹೆಣೆದುಕೊಂಡು ಮ್ಯೂನಿಕ್‌ಗೆ ಹೊರಡುತ್ತಾಳೆ, ಜಡೆ ಬಿಚ್ಚಿದ ಲೋಟೆ ವಿಯೆನ್ನಾಕ್ಕೆ. ಯೋಸೆಫ್ ಫಾನ್ ಬಾಕಿ ನಿರ್ದೇಶಿಸಿದ, 1950ರ ಕಪ್ಪು ಬಿಳುಪಿನ ಜರ್ಮನ್ ಚಿತ್ರ ‘ದಾಸ್ ಡೊಪೆಲ್ಟೆ ಲೋಟ್ಶೆನ್’ ಹೀಗೆ ಶುರುವಾಗುತ್ತದೆ.

ಇದನ್ನು ತುಂಟ ಮಕ್ಕಳ ನಗೆಚಿತ್ರ ಎಂದು ಕರೆಯುವುದು ವಾಡಿಕೆ. ನಗು ಧಾರಾಳವಾಗಿ ಇರುವುದೂ ನಿಜ. ಆದರೆ ಈ ಹುಡುಗಿಯರ ತುಂಟತನದಲ್ಲಿ ಆಟಕ್ಕಿಂತ ಹೊಣೆ ಹೆಚ್ಚು. ದೊಡ್ಡವರು ಅರ್ಧಕ್ಕೆ ಕೈಬಿಟ್ಟ ಕೆಲಸವನ್ನು ಮಕ್ಕಳು ಎತ್ತಿಕೊಂಡಿದ್ದಾರೆ. ಚಿತ್ರದ ಗೆಲುವು ಅದನ್ನು ಗುರುತಿಸಿದ್ದರಲ್ಲಿದೆ. ಸೋಲು, ಕೊನೆಗೆ ಬಂದಾಗ ಅದನ್ನು ಮರೆತದ್ದರಲ್ಲಿ.

ನಗು ಹುಟ್ಟುವ ಜಾಗಗಳನ್ನೇ ನೋಡಿ. ಅಮ್ಮ ಪತ್ರಿಕಾ ಕಚೇರಿಯಲ್ಲಿ ದುಡಿಯುವುದರಿಂದ ಲೋಟೆ ಆಗಲೇ ಪುಟ್ಟ ಗೃಹಿಣಿ. ಅವಳ ಜಾಗಕ್ಕೆ ಬಂದ ಲೂಯಿಸೆಗೆ ಒಲೆ ಮುಂದೆ ನಿಂತು ಗೊತ್ತಿಲ್ಲ. ಅಡುಗೆ ಕೆಡುತ್ತದೆ, ನಾವು ನಗುತ್ತೇವೆ. ನಕ್ಕ ಮೇಲೆ, ಒಂಬತ್ತು ವರ್ಷದ ಮಗುವಿಗೆ ಅಡುಗೆ ಬಾರದ್ದು ತಮಾಷೆಯೋ, ಇನ್ನೊಂದಕ್ಕೆ ಅಷ್ಟು ಚೆನ್ನಾಗಿ ಬರುವುದು ಸಂಕಟವೋ ಎಂಬ ಪ್ರಶ್ನೆ ಉಳಿಯುತ್ತದೆ. ಅತ್ತ ವಿಯೆನ್ನಾದಲ್ಲಿ ಲೋಟೆ ಮನೆಗೆಲಸದ ರೆಸಿಯ ಲೆಕ್ಕದ ಪುಸ್ತಕ ತೆರೆಸಿ, ಸೋರುತ್ತಿದ್ದ ಹಣಕ್ಕೆ ತಡೆ ಹಾಕುತ್ತಾಳೆ. ಹುಡುಗಿ ಬದಲಾಗಿದ್ದಾಳೆಂದು ಮೊದಲು ಪತ್ತೆ ಹಚ್ಚುವುದು ಅಪ್ಪನಲ್ಲ, ಪರಿಚಯದ ವೈದ್ಯರೊಬ್ಬರ ನಾಯಿ. ಸ್ವರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯಬಲ್ಲ ಸಂಗೀತ ನಿರ್ದೇಶಕನಾದ ಅಪ್ಪ, ಎದುರಿಗೆ ಕೂತಿರುವುದು ಯಾವ ಮಗಳೆಂದು ಅರಿಯಲಾರ. ಕೆಸ್ಟ್ನರ್‌ನ ವ್ಯಂಗ್ಯಕ್ಕೆ ಹರಿತ ಬರುವುದು ಇಂಥ ಕಡೆಗಳಲ್ಲೇ.

ಹುಡುಗಿಯರ ಪಾತ್ರ ಮಾಡಿದ ಯುಟ್ಟಾ ಮತ್ತು ಈಸಾ ಗ್ಯುಂಟರ್ ನಿಜಜೀವನದಲ್ಲೂ ಅವಳಿಗಳು. ಹಾಗಾಗಿ ಕ್ಯಾಮೆರಾ ಚಮತ್ಕಾರಕ್ಕೆ ಕೈಚಾಚಬೇಕಿಲ್ಲ. ಒಂದೇ ಚೌಕಟ್ಟಿನಲ್ಲಿ ಒಬ್ಬಳ ಭುಜಕ್ಕೆ ಇನ್ನೊಬ್ಬಳು ತಲೆ ಆನಿಸಬಹುದು. ಇದೇ ಕಥೆಯಿಂದ ಡಿಸ್ನಿ 1961ರಲ್ಲಿ ತಯಾರಿಸಿದ ‘ದಿ ಪೇರೆಂಟ್ ಟ್ರ್ಯಾಪ್’ನಲ್ಲಿ ಹೇಲಿ ಮಿಲ್ಸ್ ಒಬ್ಬಳೇ ಎರಡೂ ಪಾತ್ರ ಮಾಡಿದಳು. ಅಲ್ಲಿ ನಮ್ಮ ಬೆರಗು ತಂತ್ರಕ್ಕೆ ಸಲ್ಲುತ್ತದೆ. ಇಲ್ಲಿ ಕಣ್ಣು ಮಕ್ಕಳ ಮೇಲೇ ನಿಲ್ಲುತ್ತದೆ.

ಕಥೆಯ ಹಿಂದೆ ಇನ್ನೊಂದು ಕಥೆಯಿದೆ. 1933ರಲ್ಲಿ ಬರ್ಲಿನ್‌ನ ಚೌಕವೊಂದರಲ್ಲಿ ನಾತ್ಸಿಗಳು ಸುಟ್ಟ ಪುಸ್ತಕಗಳಲ್ಲಿ ಕೆಸ್ಟ್ನರ್‌ನವೂ ಇದ್ದವು. ಅದನ್ನು ಅವನು ಗುಂಪಿನಲ್ಲಿ ನಿಂತು ಕಣ್ಣಾರೆ ಕಂಡಿದ್ದ. ಬರೆಯಲು ನಿರ್ಬಂಧವಿದ್ದ ಯುದ್ಧಕಾಲದಲ್ಲಿ ಇದೇ ಬಾಕಿಯ ‘ಮ್ಯುಂಖ್‌ಹೌಸೆನ್’ ಚಿತ್ರಕ್ಕೆ ಸುಳ್ಳು ಹೆಸರಿನಲ್ಲಿ ಚಿತ್ರಕಥೆ ಬರೆದ. ಅವಳಿಗಳ ಕಥೆ ಮೊಳೆತದ್ದೂ ಆಗಲೇ, ಸಿನಿಮಾಕ್ಕೆಂದೇ. ಕಾದಂಬರಿಯಾಗಿ ಅಚ್ಚಾದದ್ದು 1949ರಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದು, ಮರಳಿ ಬಂದ ಗಂಡಂದಿರಿಗೂ ಕಾದಿದ್ದ ಹೆಂಡತಿಯರಿಗೂ ಹೊಂದಿಕೆಯಾಗದೆ ಜರ್ಮನಿಯಲ್ಲಿ ವಿಚ್ಛೇದನಗಳು ವಿಪರೀತ ಹೆಚ್ಚಿದ್ದವು. ಮಕ್ಕಳ ಮುಂದೆ ಯಾರೂ ಆಡದ ಆ ಮಾತನ್ನು ಕೆಸ್ಟ್ನರ್ ಮಕ್ಕಳ ಪುಸ್ತಕದಲ್ಲೇ ಎತ್ತಿದ. ಇಂಥದ್ದು ಮಕ್ಕಳಿಗೆ ತಕ್ಕುದಲ್ಲ ಎನ್ನುವವರಿಗೆ, ಅನುಭವಿಸುವವರು ಮಕ್ಕಳೇ ಅಲ್ಲವೇ ಎಂಬುದು ಅವನ ಉತ್ತರ. ಚಿತ್ರದಲ್ಲಿ ನಿರೂಪಕನಾಗಿ ಅವನದೇ ದನಿಯಿದೆ. ಪಶ್ಚಿಮ ಜರ್ಮನಿಯ ಹೊಸ ಸರ್ಕಾರ 1951ರಲ್ಲಿ ಸ್ಥಾಪಿಸಿದ ಜರ್ಮನ್ ಚಲನಚಿತ್ರ ಪ್ರಶಸ್ತಿಯ ಮೊದಲ ವರ್ಷದಲ್ಲೇ ಅತ್ಯುತ್ತಮ ಚಿತ್ರವೆಂಬ ಗೌರವ ಇದಕ್ಕೆ ಸಂದಿತು.

ಇಷ್ಟು ಧೈರ್ಯವಾಗಿ ಮಾತು ಶುರುಮಾಡಿದ ಚಿತ್ರ, ಪ್ರಣಯದ ದಾರಿ ಹಿಡಿದ ಕೂಡಲೇ ಅಂಜುತ್ತದೆ. ಅಪ್ಪನನ್ನು ಮದುವೆಯಾಗಲಿರುವ ಐರೀನ್ ಗೆರ್ಲಾಖ್ (ಸೆಂಟಾ ವೆಂಗ್ರಾಫ್) ಪಾತ್ರವನ್ನು ಗಮನಿಸಿ. ಚೆಲುವು, ಹಣ, ಹಟ ಇವಿಷ್ಟೇ ಅವಳ ಬಂಡವಾಳ. ಲೋಟೆ ಒಬ್ಬಳೇ ಅವಳ ಮನೆಗೆ ಹೋಗಿ ಈ ಮದುವೆ ಕೂಡದೆಂದು ಹೇಳುವ ದೃಶ್ಯದಲ್ಲಿ ಮಗುವಿನ ದಿಟ್ಟತನ ಮೈನವಿರೇಳಿಸುತ್ತದೆ, ಎದುರಿಗಿರುವ ಹೆಂಗಸು ಮಾತ್ರ ಬರಿಯ ಅಡ್ಡಿಯಾಗಿ ಉಳಿಯುತ್ತಾಳೆ. ಅವಳಲ್ಲೂ ಒಂದಿಷ್ಟು ಒಳ್ಳೆಯತನ ಇದ್ದಿದ್ದರೆ ಅಪ್ಪನ ಆಯ್ಕೆಗೂ ಒಂದು ತೂಕ ಬರುತ್ತಿತ್ತು.

ಇನ್ನು ಕೊನೆ. ಲೋಟೆ ಜ್ವರ ಹಿಡಿದು ಮಲಗುತ್ತಾಳೆ, ತಾಯಿ ಓಡೋಡಿ ಬರುತ್ತಾಳೆ, ಮುರಿದ ಮದುವೆ ಮತ್ತೆ ಕೂಡುತ್ತದೆ. ಆ ಮದುವೆ ಮುರಿದದ್ದೇಕೆ? ಕೂಸುಗಳ ಅಳುವಿನಿಂದ ಸಂಗೀತ ಕೆಡುತ್ತದೆಂದು ಅಪ್ಪ ಬೇರೆ ಕೋಣೆ ಹಿಡಿದಿದ್ದ; ಎಳೆಯ ಹೆಂಡತಿ ಒಂಟಿಯಾಗಿ ಅನುಮಾನಕ್ಕೆ ಬಿದ್ದಿದ್ದಳು. ಇದಕ್ಕೆ ಪರಿಹಾರವೇನು ಎಂದು ಚಿತ್ರ ಗಟ್ಟಿಯಾಗಿ ಕೇಳುವುದೇ ಇಲ್ಲ. ಸಂಸಾರ ಕೂಡುವುದು ಗಂಡನ ಊರಿನಲ್ಲಿ. ಮ್ಯೂನಿಕ್‌ನಲ್ಲಿ ತಾನೇ ದುಡಿದು ಮಗಳನ್ನು ಸಾಕಿದ ಹೆಣ್ಣಿನ ಬದುಕು ಕಥೆಯ ಅಂಚಿಗೆ ಸರಿಯುತ್ತದೆ. ಅಪ್ಪ ಅಮ್ಮ ಮತ್ತೆ ಒಂದಾಗದ ಮಕ್ಕಳಿಗೆ, ಅಂದರೆ ಯಾರಿಗಾಗಿ ಈ ಮಾತು ಶುರುವಾಯಿತೋ ಅವರಿಗೆ, ಈ ಕೊನೆಯಲ್ಲಿ ಹೇಳಲು ಏನೂ ಉಳಿದಿಲ್ಲ.

ಕಥೆ ನಮ್ಮ ಕಡೆಗೂ ಬಂತು. ಮದ್ರಾಸಿನ ಕೃಷ್ಣನ್–ಪಂಜು ಜೋಡಿ 1965ರಲ್ಲಿ ತಮಿಳಿನ ‘ಕುಳಂದೈಯುಂ ದೈವಮುಂ’ ಮಾಡಿ, 1968ರಲ್ಲಿ ಅದನ್ನೇ ಹಿಂದಿಯಲ್ಲಿ ‘ದೋ ಕಲಿಯಾಂ’ ಆಗಿಸಿತು. ಬಾಲಕಿ ನೀತು ಸಿಂಗ್ ಇಬ್ಬರಾಗಿ ಕುಣಿದದ್ದು ಅದರಲ್ಲಿ. ನಮ್ಮವರು ಮಾಡಿದ ಮುಖ್ಯ ಬದಲಾವಣೆ ಒಂದೇ: ಸಂಸಾರ ಒಡೆದ ತಪ್ಪನ್ನು ಹುಡುಗಿಯರ ಗರ್ವಿಷ್ಠ ಅಜ್ಜಿಯ ತಲೆಗೆ ಕಟ್ಟಿದರು. ಅಜ್ಜಿಗೆ ಬುದ್ಧಿ ಬಂದರೆ ಮನೆ ಸರಿಹೋದಂತೆ, ಗಂಡ ಹೆಂಡಿರು ನಿರಪರಾಧಿಗಳು. ಜರ್ಮನ್ ಚಿತ್ರ ಕೊನೆಯಲ್ಲಿ ಎಷ್ಟೇ ಹಿಂಜರಿದರೂ ಈ ಸುಲಭದ ದಾರಿ ಹಿಡಿಯುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ತಪ್ಪಿತಸ್ಥರು, ಮಕ್ಕಳನ್ನು ಕೇಳದೆ ಪಾಲು ಮಾಡಿಕೊಂಡವರು ಅವರೇ ಎಂಬುದನ್ನು ಅದು ನಗುನಗುತ್ತಲೇ ಮುಖಕ್ಕೆ ಹೇಳುತ್ತದೆ. ಆ ಒಂದು ನೇರ ಮಾತಿಗಾಗಿ, ನಂಬಲಾಗದ ಕೊನೆಯನ್ನು ಸಹಿಸಿಕೊಂಡಾದರೂ, ಈ ಚಿತ್ರವನ್ನು ಮಕ್ಕಳ ಪಕ್ಕದಲ್ಲಿ ಕೂತು ದೊಡ್ಡವರು ನೋಡಬೇಕು.